ಬಹಳ ವರ್ಷದ ಮೇಲೆ ಮತ್ತೆ ಬೈಕ್: ಎಲ್ಲಿಂದ ಶುರು ಮಾಡೋದು, ಎಂಥ ಗುಂಪು ಸೇರೋದು?

ಹಾಸನದ ಹಳೇ ಸವಾರ

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತು ದಾಟಿದೆ. ಬ್ಯಾಂಕಿನಲ್ಲಿ ಕೆಲಸ, ಸದ್ಯ ಹಾಸನದಲ್ಲಿದ್ದೇನೆ. ಕಾಲೇಜು ಮುಗಿದ ಕಾಲದಲ್ಲಿ ಅಪ್ಪನ 350 ಬುಲೆಟ್ ಓಡಿಸುತ್ತಿದ್ದೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಆಂಪಿಯರ್ ಮುಳ್ಳು ನೋಡಿಕೊಂಡು ಡಿಕಂಪ್ರೆಸರ್ ಒತ್ತಿ ಕಿಕ್ ಹೊಡೆಯುವ ಗಾಡಿ ಅದು. ಆಮೇಲೆ ಮದುವೆ, ವರ್ಗಾವಣೆ, ಮಕ್ಕಳ ಶಾಲೆ. ಕಾರು ಬಂತು, ಬುಲೆಟ್ ಹೋಯಿತು. ಅಲ್ಲಿಂದ ಈಚೆಗೆ ತರಕಾರಿ ತರುವ ಸ್ಕೂಟರ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಲ್ಲ.

ಈಗ ಮಗಳು ಕೆಲಸಕ್ಕೆ ಸೇರಿದ್ದಾಳೆ. ಮನೆಯವರೂ "ತಗೊಳ್ಳಿ, ಆದರೆ ಸರಿಯಾಗಿ ಕಲಿತು ಓಡಿಸಿ" ಅಂದಿದ್ದಾರೆ. ಹೊಸ 350 ಒಂದನ್ನು ತೆಗೆದುಕೊಳ್ಳುವ ಮನಸ್ಸಿದೆ. ಒಬ್ಬನೇ ಸುತ್ತುವುದಕ್ಕಿಂತ ನಾಲ್ಕು ಜನರ ಜೊತೆ ಹೋಗುವ ಆಸೆ, ಏಕೆಂದರೆ ನನ್ನ ಜೊತೆ ಓಡಿಸುತ್ತಿದ್ದ ಗೆಳೆಯರಲ್ಲಿ ಈಗ ಯಾರೂ ಬೈಕ್ ಹತ್ತುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಸಕಲೇಶಪುರದ ಕಡೆ ಹಾರಿಹೋಗುವ ಹುಡುಗರನ್ನು ನೋಡಿದರೆ, ಅವರ ನಡುವೆ ನನಗೆ ಜಾಗ ಇದೆಯೇ ಅನಿಸುತ್ತದೆ.

ನಿಮ್ಮಲ್ಲಿ ಹೀಗೆ ಬಿಟ್ಟು ಮತ್ತೆ ಹಿಡಿದವರು ಇದ್ದರೆ ದಯವಿಟ್ಟು ಹೇಳಿ. ಮೊದಲು ಏನು ಮಾಡಿದಿರಿ? ಗುಂಪನ್ನು ಹೇಗೆ ಆರಿಸಿದಿರಿ? ನನ್ನ ಡಿಎಲ್ ಕೂಡ ಹಳೇ ಪುಸ್ತಕದ್ದು, ಅದರ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರ.

ಹುಬ್ಬಳ್ಳಿ ರೈಡರ್

ನಮಸ್ಕಾರ್ರೀ ಸರ್. ನಾನೂ ಬಲಗಾಲ ಗೇರಿನ ಬುಲೆಟ್ ಮ್ಯಾಲೇ ಕಲತಾಂವ. ಅದಕ್ಕ ಎಲ್ಲಕ್ಕಿಂತ ಮೊದಲ ಈ ಮಾತು ಹೇಳ್ತೀನಿ.

ಕೈ-ಕಾಲು ಏನೂ ಮರ್ತಿರೂದಿಲ್ಲ. ಎರಡ ದಿನದಾಗ ಗಾಡಿ ಆರಾಮ ಓಡ್ತದ. ತೊಂದ್ರಿ ಇರೂದ ಅಲ್ಲೇ. ನೆನಪಿರೂದು ಹಳೇ ಗಾಡಿದು. ನಾಯಿ ಅಡ್ಡ ಬಂತು, ಎಮ್ಮಿ ಅಡ್ಡ ಬಂತು ಅಂದ್ರ ನಿಮ್ಮ ಎಡಗಾಲು ತಾನs ಕೆಳಗ ಒತ್ತತದ. ಹಳೇ ಬುಲೆಟ್‌ನ್ಯಾಗ ಅದು ಬ್ರೇಕ್. ಹೊಸಾದ್ರಾಗ ಅದು ಗೇರ್ ಇಳಸೂದು. ಬಲಗಾಲು ಮ್ಯಾಲೆ ಎತ್ತಿದ್ರ ಹಳೇದ್ರಾಗ ಫಸ್ಟ್ ಗೇರ್, ಹೊಸಾದ್ರಾಗ ಅಲ್ಲೆ ಏನೂ ಇಲ್ಲ, ಬ್ರೇಕ್ ಬಿಟ್ಟಂಗಾಗತದ. ಸುಮ್ನ ಓಡ್ಸುವಾಗ ಇದು ಗೊತ್ತಾಗೂದಿಲ್ರಿ, ಗಾಬರಿ ಆದಾಗ ಅಷ್ಟs ಹೊರಗ ಬರ್ತದ. ಗಾಬರಿ ಆದಾಗನs ಬ್ರೇಕ್ ಬೇಕಲ್ರಿ!

ಅದಕ್ಕ ಒಂದ್ ಖಾಲಿ ಗ್ರೌಂಡ್ ಹುಡುಕ್ರಿ. ಬೆಳಿಗ್ಗಿ ಆರಕ್ಕ ಎಪಿಎಂಸಿ ಯಾರ್ಡ್ ಆಗ್ಲಿ, ಸಾಲಿ ಮೈದಾನ ಆಗ್ಲಿ. ಮೂವತ್ತರ ಸ್ಪೀಡಿನ್ಯಾಗ ಬಂದು ಒಂದ್ ಗೆರಿ ಹತ್ರ ನಿಲ್ಲಸ್ರಿ. ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡೂ ಕೂಡಿಸಿ. ಹಂಗs ನಲವತ್ತು, ಆಮ್ಯಾಲೆ ಐವತ್ತು. ಕಾಲು ಯೋಚ್ನಿ ಮಾಡ್ದಂಗ ಸರಿ ಕಡೆ ಹೋಗೂ ತನಕ ರೋಡಿಗಿ ಇಳೀಬ್ಯಾಡ್ರಿ. ಬ್ಯಾಸರ ಆಗತದ ಖರೇ, ಆದ್ರ ಇದನ್ನ ಬಿಟ್ಟು ಮುಂದಿಂದು ಯಾವ್ದೂ ಬ್ಯಾಡ.

ರೋಡ್‌ಕಿಂಗ್ ಮೈಸೂರು

ಸರ್, ಸ್ವಾಗತ. ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ಮೋಟಾರ್ ಸೈಕಲ್ ಅಂದರೆ ಜಾವಾ ಅಥವಾ ಯೆಜ್ಡಿ ಅಂತಲೇ ಅರ್ಥ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರಲು ಶುರುವಾಗಿ 1996ರಲ್ಲಿ ನಿಂತವು. ಆ ಮೂವತ್ತೈದು ವರ್ಷದಲ್ಲಿ ನಮ್ಮ ಬೀದಿಯ ಅರ್ಧ ಮನೆಗಳು ಒಂದಲ್ಲ ಒಂದು ರೀತಿಯಲ್ಲಿ ಆ ಕಾರ್ಖಾನೆಯ ಜೊತೆ ಸೇರಿಕೊಂಡಿದ್ದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಅದೂ ಎಡಗಡೆ. ಬೇರೆ ಊರಿನವರಿಗೆ ಸ್ಟಾರ್ಟ್ ಮಾಡಲು ಕೊಟ್ಟರೆ ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕುತ್ತಿದ್ದರು.

ನಾನು ಬೈಕ್ ಬಿಟ್ಟು ಬಹಳ ವರ್ಷ ದುಬೈನಲ್ಲಿದ್ದೆ. ವಾಪಸ್ ಬಂದಾಗ ಹೊಸ ಗಾಡಿ ನೋಡಲಿಲ್ಲ, ಶೆಡ್ಡಿನಲ್ಲಿ ಬಟ್ಟೆ ಮುಚ್ಚಿ ನಿಲ್ಲಿಸಿದ್ದ ಅಣ್ಣನ ಯೆಜ್ಡಿ ರೋಡ್‌ಕಿಂಗ್ ಎಬ್ಬಿಸಿದೆ. ಅದರಿಂದ ಒಂದು ದೊಡ್ಡ ಲಾಭ ಆಯಿತು. ಹಳೇ ಗಾಡಿ ಇದ್ದವನಿಗೆ ಸ್ನೇಹಿತರು ತಾವಾಗಿ ಸಿಗುತ್ತಾರೆ. ಪ್ಲಗ್ ಕೇಬಲ್ ಬೇಕು ಅಂದರೆ ಒಬ್ಬರು, ಕಾಂಟ್ಯಾಕ್ಟ್ ಪಾಯಿಂಟ್ ಸೆಟ್ ಮಾಡೋಕೆ ಇನ್ನೊಬ್ಬರು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಆಚರಿಸುತ್ತಾರೆ. ಅಲ್ಲಿಗೆ ಬಂದು ಒಮ್ಮೆ ನೋಡಿ. ಎಪ್ಪತ್ತು ದಾಟಿದ ತಾತ, ಪಕ್ಕದಲ್ಲಿ ಇಪ್ಪತ್ತರ ಮೊಮ್ಮಗ, ಇಬ್ಬರೂ ಒಂದೇ ಮಾಡೆಲ್. "ನನಗೆ ಜಾಗ ಇದೆಯೇ" ಅಂತ ಕೇಳಿದಿರಲ್ಲ ಸರ್, ಅಲ್ಲಿ ವಯಸ್ಸಾದಷ್ಟೂ ಮರ್ಯಾದೆ ಜಾಸ್ತಿ.

ಆದರೆ ಹಳೇ ಗಾಡಿ ತಗೊಳ್ಳಿ ಅಂತ ನಿಮಗೆ ಹೇಳಲಾರೆ. ಓಡಿಸುವುದನ್ನು ಹೊಸದಾಗಿ ಕಲಿಯುವ ಹೊತ್ತಿನಲ್ಲಿ ಗಾಡಿ ಕೈಕೊಡುತ್ತಿದ್ದರೆ ಎರಡರ ಮೇಲೂ ಗಮನ ಇರುವುದಿಲ್ಲ. ಡ್ರಮ್ ಬ್ರೇಕ್, ಮಂಕು ಹೆಡ್‌ಲೈಟ್, ಇವತ್ತಿನ ಹೆದ್ದಾರಿ: ಇವು ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ಹೊಸ 350, ಕೈ ಕುದುರಿದ ಮೇಲೆ ಹಳೇದು.

ಗ್ಯಾರೇಜ್ ಶಿವಮೊಗ್ಗ

ಮೇಲಿನ ಅಣ್ಣ ಶೆಡ್ಡಿನಿಂದ ಎಬ್ಬಿಸಿದ ಮಾತು ಹೇಳಿದ್ದಕ್ಕೆ ಬರೀತಿದೀನಿ. ಓದುವವರಲ್ಲಿ ಬಹಳ ಜನರ ಮನೇಲಿ ನಿಂತ ಗಾಡಿ ಇರುತ್ತೆ. ನನ್ನ ಗ್ಯಾರೇಜಿಗೆ ಹೀಗೆ ಬರೋ ಗಾಡಿಗಳಲ್ಲಿ ಬಹುಪಾಲನ್ನ ಮಾಲೀಕರೇ ಕಿಕ್ ಹೊಡೆದು ಹೊಡೆದು ಇನ್ನಷ್ಟು ಕೆಡಿಸಿ ತಂದಿರ್ತಾರೆ.

ಕಿಕ್ ಮುಟ್ಟಬೇಡಿ. ಮೊದಲು ಟ್ಯಾಂಕ್ ತೆಗೆದು ಟಾರ್ಚ್ ಹಾಕಿ ಒಳಗೆ ನೋಡಿ. ತುಕ್ಕು ಇದ್ದರೆ ಅದೆಲ್ಲ ಕಾರ್ಬೊರೇಟರಿಗೆ ಇಳಿದು ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಟುತ್ತೆ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮಾರನೇ ದಿನ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನ ಕೈಯಲ್ಲೇ ತಿರುಗಿಸಿ, ಪಿಸ್ಟನ್ ಸಲೀಸಾಗಿ ಆಡುತ್ತಾ ಅಂತ ನೋಡಿ. ಆಮೇಲೆ ಎಂಜಿನ್ ಆಯಿಲ್ ಬದಲು, ಆಮೇಲೆ ಸ್ಟಾರ್ಟು.

ಇನ್ನೊಂದು ವಿಷಯ ಪೆಟ್ರೋಲಿಂದು. ಈಗ ಬಂಕಲ್ಲಿ ಬರೋದು ಶೇಕಡ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯಲ್ಲಿರೋ ತೇವ ಎಳಕೊಳ್ಳುತ್ತೆ. ಗಾಡಿ ದಿನಾ ಓಡಿದರೆ ಚಿಂತೆ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಲ್ಲಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರ್ರು ಇದಕ್ಕೆ ಅಂತ ಮಾಡಿದವಲ್ಲ, ಬಿರುಕು ಬಿಡ್ತವೆ. ಪೈಪ್ ಬದಲಾಯಿಸೋಕೆ ದೊಡ್ಡ ಖರ್ಚೇನಿಲ್ಲ. ಗಾಡಿ ನಿಲ್ಲಿಸೋ ಮುಂಚೆ ಕಾರ್ಬೊರೇಟರ್ ಬೌಲಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ.

ಟೈರು ನೋಡೋದನ್ನ ಯಾರೂ ಹೇಳಿಕೊಡಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು. ಹೂವು (ಟ್ರೆಡ್) ಎಷ್ಟೇ ಚೆನ್ನಾಗಿರಲಿ, ಐದಾರು ವರ್ಷ ಆದ ಟೈರು ಗಟ್ಟಿಯಾಗಿರುತ್ತೆ, ಒದ್ದೆ ರಸ್ತೇಲಿ ಹಿಡಿಯಲ್ಲ. ನಿಂತ ಗಾಡಿಯ ಟೈರಂತೂ ಕಣ್ಣು ಮುಚ್ಚಿ ಬದಲಾಯಿಸಿ. ಡಿಸ್ಕ್ ಬ್ರೇಕ್ ಇದ್ದರೆ ಅದರ ಆಯಿಲ್ ಎರಡು ವರ್ಷಕ್ಕೊಮ್ಮೆ.

ಕಾಗದ ಪತ್ರ: ಸ್ವಂತ ಗಾಡಿಯ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ನವೀಕರಣ. ತಡ ಮಾಡಿದಷ್ಟೂ ದಂಡ ಬೆಳೆಯುತ್ತೆ. ಇನ್ಶೂರೆನ್ಸ್ ಇಲ್ಲದೆ ಟ್ರಯಲ್‌ಗೂ ರಸ್ತೆಗೆ ತರಬೇಡಿ.

ಹಾಸನದ ಹಳೇ ಸವಾರ

ಹುಬ್ಬಳ್ಳಿಯವರೇ, ಎಡಗಾಲಿನ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ. ನಮ್ಮ ಬಡಾವಣೆಯ ಹತ್ತಿರ ಸೈಟ್ ಮಾಡಿ ಬಿಟ್ಟಿರುವ ದೊಡ್ಡ ಜಾಗ ಇದೆ, ಟಾರ್ ಹಾಕಿದ್ದಾರೆ, ಮನೆ ಇನ್ನೂ ಎದ್ದಿಲ್ಲ. ಅಲ್ಲೇ ಅಭ್ಯಾಸ. ಗ್ಯಾರೇಜ್ ಅವರೇ, ನನ್ನದು ಹೊಸ ಗಾಡಿಯೇ. ಆದರೂ ಟೈರಿನ ಅಂಕಿ ನೋಡಿಯೇ ಡೆಲಿವರಿ ತೆಗೆದುಕೊಳ್ಳುತ್ತೇನೆ.

ಡಿಎಲ್ ಬಗ್ಗೆ ಯಾರಾದರೂ?

ತುಮಕೂರು ಎಕ್ಸ್‌ಪ್ರೆಸ್

ಡಿಎಲ್ ಮುಗಿದು ಒಂದು ವರ್ಷದೊಳಗೆ ಇದ್ದರೆ ನವೀಕರಣಕ್ಕೆ ಓಡಿಸಿ ತೋರಿಸಬೇಕಿಲ್ಲ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್. ನಲವತ್ತು ದಾಟಿದವರಿಗೆ ಡಾಕ್ಟರ್ ಸಹಿಯ ಫಾರಂ 1ಎ ಬೇಕು. ಐವತ್ತೈದರ ನಂತರ ಐದೈದು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಪುಸ್ತಕದ ಡಿಎಲ್ ಆದರೆ ಅದು ಸಾರಥಿಯಲ್ಲಿ (ಸರ್ಕಾರದ ಡಿಎಲ್ ಕಂಪ್ಯೂಟರ್ ದಾಖಲೆ) ದಾಖಲಾಗಿದೆಯೇ ಅಂತ ಆರ್‌ಟಿಓದಲ್ಲಿ ಕೇಳಿ. ಕಾರ್ಡ್ ಬಂದ ಮೇಲೆ ಕಾರಿನ ಜೊತೆ ಗೇರ್ ಇರುವ ಮೋಟಾರ್ ಸೈಕಲ್ ವರ್ಗವೂ ಅಚ್ಚಾಗಿದೆಯಾ ನೋಡಿಕೊಳ್ಳಿ. ಅದು ಬಿಟ್ಟುಹೋಗಿದ್ದರೆ ಅಪಘಾತದ ಕ್ಲೇಮ್ ಸಮಯದಲ್ಲಿ ತುಂಬಾ ಕಷ್ಟ.

ಕೆಎ 05 ಹುಡುಗ

ಸರ್, ಹಿರಿಯರೆಲ್ಲ ಬರೆದಿದ್ದಾರೆ, ಗೌರವ ಇಟ್ಟುಕೊಂಡೇ ಹೇಳ್ತೀನಿ. ಸ್ವಲ್ಪ ಜಾಸ್ತಿ ಹೆದರಿಸ್ತಿದ್ದೀರ ಅನ್ಸುತ್ತೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ ಎಬಿಎಸ್ ಕಡ್ಡಾಯ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗಲ್ಲ. ಲೈಟು ಚೆನ್ನಾಗಿದೆ, ಟೈರು ಚೆನ್ನಾಗಿದೆ. ನಿಮ್ಮ ಹಳೇ ಬುಲೆಟ್ ಓಡಿಸಿದವರಿಗೆ ಇದು ನೀರು ಕುಡಿದಷ್ಟು ಸುಲಭ.

ಇನ್ನು ಗುಂಪು. ನಾನು ಎರಡು ಗುಂಪಲ್ಲಿದ್ದು ಬಿಟ್ಟೆ. ಟೀ ಕುಡಿಯೋಕೂ ಕ್ಯಾಪ್ಟನ್ ಪರ್ಮಿಷನ್, ಓವರ್‌ಟೇಕ್ ಮಾಡಿದ್ರೆ ಕ್ಲಾಸು. ಮೋಟಾರ್ ಸೈಕಲ್ ಹತ್ತೋದೇ ಯಾರನ್ನೂ ಕೇಳದೆ ಹೋಗೋಕೆ ಅಲ್ವಾ? ಒಬ್ಬರೇ ಹೋಗಿ ಸರ್, ಬೇಲೂರು ದಾಟಿ ಚಿಕ್ಕಮಗಳೂರು ಕಡೆ. ನಿಮಗೆ ಬೇಕಾದಲ್ಲಿ ನಿಲ್ಲಿ, ಬೇಕಾದಾಗ ವಾಪಸ್ ಬನ್ನಿ. ಅದರ ಸುಖವೇ ಬೇರೆ.

ಕೊನೇ ಗಾಡಿ

ಕೆಎ 05 ತಮ್ಮ, ಒಬ್ಬನೇ ಹೋಗುವ ಸುಖದ ಬಗ್ಗೆ ನೀನು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಎಬಿಎಸ್ ಬಗ್ಗೆ ಮಾತ್ರ ಒಂದು ಮಾತು. ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ, ಬ್ರೇಕ್ ಹಿಡಿಯುವ ನಿರ್ಧಾರ ಸವಾರನೇ ಮಾಡಬೇಕು. ಅರವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಮುಂದೆ ಹೋಗಿರುತ್ತದೆ, ಎಂಬತ್ತರಲ್ಲಿ 22. ಅಡ್ಡ ಬಂದದ್ದನ್ನು ಕಣ್ಣು ಗುರುತಿಸಿ ಬೆರಳು ಲಿವರಿಗೆ ಹೋಗಲು ನಿನಗೆ ಬೇಕಾಗುವ ಹೊತ್ತಿಗಿಂತ, ಇಪ್ಪತ್ತು ವರ್ಷ ಕಾರಿನ ಗಾಜಿನ ಹಿಂದೆ ಕೂತವರಿಗೆ ಹೆಚ್ಚು ಬೇಕು. ಮರಳಿ ಬರುವವರಲ್ಲಿ ನಾನು ಕಂಡದ್ದು ಇದನ್ನೇ: ಕೈ ಬೇಗ ವಾಪಸ್ ಬರುತ್ತದೆ, ಕಣ್ಣು ತಡವಾಗಿ ಬರುತ್ತದೆ. ಬಸ್ಸು ಎಡಕ್ಕೆ ಎಳೆಯುವ ಮುಂಚೆಯೇ ಅದು ಗೊತ್ತಾಗುವುದು, ತಿರುವಿನಾಚೆ ಕಾಣದಿದ್ದರೂ ಅಲ್ಲಿ ಲಾರಿ ಇದೆ ಅಂತಲೇ ಹೋಗುವುದು, ರಸ್ತೆ ಬದಿ ಒದ್ದೆ ಸಗಣಿ, ಭತ್ತದ ಹುಲ್ಲು, ಜಲ್ಲಿ ದೂರದಿಂದಲೇ ಕಾಣುವುದು. ಇದು ಕಿಲೋಮೀಟರ್ ಓಡಿದ ಹಾಗೆ ಮಾತ್ರ ಬರುತ್ತದೆ. ಅಲ್ಲಿಯವರೆಗೆ ಮುಂದೆ ಒಬ್ಬ ಒಳ್ಳೆ ಸವಾರ ಇದ್ದರೆ ಅವರ ಗಾಡಿ ನೋಡಿಯೇ ಎಷ್ಟೋ ಕಲಿಯಬಹುದು. ಗುಂಪು ಬೇಕು ಅನ್ನುವುದಕ್ಕೆ ನನ್ನ ಕಾರಣ ಇದು.

ನನ್ನ ಹೆಸರೇ ಹೇಳುವಂತೆ ನಾನು ಗುಂಪಿನಲ್ಲಿ ಸ್ವೀಪ್, ಎಲ್ಲರಿಗಿಂತ ಹಿಂದೆ ಬರುವವನು. ಹಿಂದಿನಿಂದ ನೋಡಿದರೆ ಗುಂಪು ಎಂಥದ್ದು ಅಂತ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಾಗಾಗಿ ಹಾಸನದ ಸರ್‌ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೊರಡುವ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಮಾತಾಡುತ್ತಾರಾ ನೋಡಿ. ದಾರಿ ಯಾವುದು, ಪೆಟ್ರೋಲ್ ಎಲ್ಲಿ, ಮೊದಲ ನಿಲುಗಡೆ ಎಲ್ಲಿ, ಹೊಸಬರು ಯಾರು. ಇದೆಲ್ಲ ಹೇಳದೆ "ಬನ್ನಿ ಹೋಗೋಣ" ಅಂತ ಹೊರಟರೆ ಅಲ್ಲೇ ಮನೆಗೆ ತಿರುಗಿ. ನೇರ ರಸ್ತೆಯಲ್ಲಿ ನಾವು ಓರೆಯಾಗಿ ಸಾಲು ಕಟ್ಟುತ್ತೇವೆ. ಮುಂದಿನವರು ಲೇನಿನ ಬಲಭಾಗದಲ್ಲಿ, ಅವರ ಹಿಂದಿನವರು ಎಡಭಾಗದಲ್ಲಿ, ಹೀಗೆ. ನೇರ ಮುಂದಿರುವ ಗಾಡಿಗೂ ನಮಗೂ ಕಡೇಪಕ್ಷ ಎರಡು ಸೆಕೆಂಡ್ ಅಂತರ. ಘಾಟಿ ಶುರುವಾದರೆ ಈ ಓರೆ ಸಾಲು ಮುರಿದು ಒಂದೇ ಸಾಲು, ಅಂತರ ಇನ್ನೂ ಹೆಚ್ಚು, ಏಕೆಂದರೆ ತಿರುವಿನಲ್ಲಿ ಪ್ರತಿಯೊಬ್ಬರಿಗೂ ಪೂರ್ತಿ ಲೇನ್ ಬೇಕು. ಹೊಸಬರಿಗೆ ಜಾಗ ಲೀಡ್‌ನ, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವರ, ಬೆನ್ನ ಹಿಂದೆ. ಬಹಳ ಜನ ಹೊಸಬರನ್ನು ಕೊನೆಗೆ ಹಾಕುತ್ತಾರೆ, ಅದು ತಪ್ಪು. ಸಾಲಿನ ಬಾಲಕ್ಕೆ ಹೋದ ಹಾಗೆ ವೇಗ ಜಗ್ಗಾಡುತ್ತದೆ. ಮುಂದಿನವರು ಐವತ್ತರಲ್ಲಿ ಹೋದರೂ ಅಂತರ ಮುಚ್ಚಲು ಹಿಂದಿನವರು ಎಪ್ಪತ್ತು ಹೊಡೆಯಬೇಕಾಗುತ್ತದೆ.

ಕವಲು ದಾರಿ ಬಂದಾಗ ಲೀಡ್ ಹಿಂದಿರುವವರು ಅಲ್ಲೇ ನಿಂತು ಎಲ್ಲರಿಗೂ ದಾರಿ ತೋರಿಸುತ್ತಾರೆ, ಸ್ವೀಪ್ ಬಂದ ಮೇಲೆ ಮತ್ತೆ ಸಾಲಿಗೆ ಸೇರುತ್ತಾರೆ. ಇದೊಂದು ಪದ್ಧತಿ ಇದ್ದರೆ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಹಿಂದೆ ಬಿದ್ದರೆ ಬಿಟ್ಟು ಹೋಗುತ್ತಾರೆ ಅನ್ನುವ ಭಯವೇ ಜನರನ್ನು ಅವರ ಕೈಮೀರಿದ ವೇಗಕ್ಕೆ ತಳ್ಳುತ್ತದೆ. ಗುಂಪು ಸೇರುವ ಮುಂಚೆ ಅವರನ್ನು ಒಂದೇ ಪ್ರಶ್ನೆ ಕೇಳಿ: "ನಾನು ಹಿಂದೆ ಬಿದ್ದರೆ ಏನು ಮಾಡುತ್ತೀರಿ?" ಉತ್ತರಕ್ಕೆ ಯೋಚಿಸುವವರ ಜೊತೆ ಹೋಗಬೇಡಿ.

ಕೆಎ 05 ಹುಡುಗ

ಬಾಲದಲ್ಲಿ ವೇಗ ಜಗ್ಗಾಡೋದು ನಿಜ ಅಣ್ಣ. ನಾನಿದ್ದ ಗುಂಪಲ್ಲಿ ನನ್ನನ್ನ ಯಾವಾಗಲೂ ಕೊನೆಗೇ ಹಾಕ್ತಿದ್ರು. ಬಿಟ್ಟು ಬರೋಕೆ ಅದೂ ಒಂದು ಕಾರಣ. ನಿಮ್ಮ ಥರ ನಡೆಸೋ ಗುಂಪು ಬೆಂಗಳೂರು ದಕ್ಷಿಣದ ಕಡೆ ಇದ್ದರೆ ತಿಳಿಸಿ, ಒಂದ್ಸಲ ಬಂದು ನೋಡ್ತೀನಿ. ಆದರೂ ಒಬ್ಬನೇ ಹೋಗೋದನ್ನ ಬಿಡಲ್ಲ.

ಕಾಫಿ ಸೀಮೆ ಅಕ್ಕ

ಚಿಕ್ಕಮಗಳೂರಿನಿಂದ. ಹೆಣ್ಣುಮಕ್ಕಳೂ ಇದನ್ನು ಓದುತ್ತಿರುತ್ತಾರೆ ಅಂತ ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ತೋಟದಲ್ಲಿ ಅಪ್ಪನ ಯಮಹಾ ಆರ್‌ಎಕ್ಸ್ 100 ಓಡಿಸುತ್ತಿದ್ದೆ. ಸುಮಾರು ನೂರು ಕೆ.ಜಿ. ತೂಕದ ಗಾಡಿ, ಒಂದೇ ಕಾಲಲ್ಲಿ ನಿಲ್ಲಿಸಬಹುದಿತ್ತು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಶುರು ಮಾಡೋಣ ಅಂತ ಶೋರೂಮಿಗೆ ಹೋದರೆ ಎಲ್ಲ 350ಗಳೂ ಬೆಟ್ಟದಂತೆ ನಿಂತಿದ್ದವು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಂದರೆ 195 ಕೆ.ಜಿ. ಅಲ್ಲಿದ್ದವರು ನನ್ನ ಯಜಮಾನರ ಜೊತೆ ಮೈಲೇಜ್ ಮಾತಾಡುತ್ತಿದ್ದರು, ಗಾಡಿ ತಗೊಳ್ಳುವವಳು ನಾನು ಅಂತ ಅವರಿಗೆ ಹೊಳೆಯಲೇ ಇಲ್ಲ.

ನಾನು ನೋಡಿದ್ದು ಸೀಟಿನ ಎತ್ತರ. ಎರಡೂ ಪಾದದ ಮುಂಭಾಗ ನೆಲಕ್ಕೆ ಊರಬೇಕು. ಓಡುವಾಗ ತೂಕ ಗೊತ್ತಾಗುವುದಿಲ್ಲ, ತೊಂದರೆ ಎಲ್ಲ ನಿಂತಾಗ, ಇಳಿಜಾರಲ್ಲಿ ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ. ಸರ್, ನೀವು ಗಂಡಸರು, ಎತ್ತರ ಇರಬಹುದು, ಆದರೂ ಡೆಲಿವರಿಗೆ ಮುಂಚೆ ಗಾಡಿಯನ್ನು ಎಂಜಿನ್ ಆಫ್ ಮಾಡಿ ತಳ್ಳಿ ನೋಡಿ. ಬಿದ್ದ ಗಾಡಿಯನ್ನು ಬೆನ್ನು ಅದಕ್ಕೆ ಕೊಟ್ಟು ಕೂತು, ಕಾಲಿನ ಬಲದಿಂದ ಎತ್ತುವುದನ್ನು ಯಾರಿಂದಲಾದರೂ ಕಲಿಯಿರಿ. ಸೊಂಟದಿಂದ ಎತ್ತಿದರೆ ಸವಾರಿ ಅವತ್ತಿಗೇ ಮುಗಿಯಿತು.

ಗುಂಪಿನ ಬಗ್ಗೆ: ಹೆಂಗಸರಿಗಾಗಿಯೇ ಇರುವ ಬೈಕರ್ನಿಯಂಥ ಸಂಘಗಳು ಇವೆ, ಅದು 2011ರಲ್ಲಿ ಪುಣೆಯಲ್ಲಿ ಶುರುವಾಗಿ ದೇಶದ ತುಂಬ ಹರಡಿದೆ. ನಮ್ಮಲ್ಲಿ ನಾವೇ ಏಳೆಂಟು ಜನ ಸೇರಿಕೊಂಡಿದ್ದೇವೆ. ಶಿಕ್ಷಕಿ, ತೋಟದವರು, ನರ್ಸ್. ತಿಂಗಳಿಗೊಮ್ಮೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ. ಎಲ್ಲಿ ಶೌಚಾಲಯ ಚೆನ್ನಾಗಿದೆ ಅನ್ನುವ ಪಟ್ಟಿ ನಮ್ಮ ಬಳಿ ಪೆಟ್ರೋಲ್ ಬಂಕಿನ ಪಟ್ಟಿಗಿಂತ ಪಕ್ಕಾ ಇದೆ. ಮಿಶ್ರ ಗುಂಪುಗಳೂ ಇದನ್ನು ಯೋಚಿಸಿ ನಿಲುಗಡೆ ಇಟ್ಟುಕೊಂಡರೆ ಇನ್ನೂ ಎಷ್ಟೋ ಜನ ಹೆಂಗಸರು ಬರುತ್ತಾರೆ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಬೇ ಏರಿಯಾ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಊರು ದಾವಣಗೆರೆ. ಇಲ್ಲಿ ಮರಳಿ ಬೈಕ್ ಹಿಡಿಯುವವರಿಗೆ ಒಂದು ಒಳ್ಳೆ ಅನುಕೂಲ ಇದೆ. ಮೋಟಾರ್‌ಸೈಕಲ್ ಸುರಕ್ಷತೆಯ ತರಬೇತಿ ಊರೂರಿನಲ್ಲೂ ಸಿಗುತ್ತದೆ. ಗಾಡಿ ಅವರದೇ, ಸಣ್ಣ ಸಿಸಿಯದು, ಜಾಗ ಖಾಲಿ ಪಾರ್ಕಿಂಗ್ ಲಾಟ್. ಇಪ್ಪತ್ತೊಂದು ದಾಟಿದವರು ಅದನ್ನು ಪಾಸು ಮಾಡಿದರೆ ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ಮತ್ತೆ ಓಡಿಸಿ ತೋರಿಸಬೇಕಿಲ್ಲ. ನನ್ನ ಬ್ಯಾಚಿನಲ್ಲಿ ಹದಿನೆಂಟರ ಹುಡುಗಿಯೂ ಇದ್ದಳು, ನಿವೃತ್ತರೂ ಇದ್ದರು.

ಅಲ್ಲಿ ಮಾಡಿಸಿದ್ದನ್ನು ಹಾಸನದ ಖಾಲಿ ಬಡಾವಣೆಯಲ್ಲೂ ಮಾಡಬಹುದು ಸರ್. ಆಕ್ಸಲರೇಟರ್ ಕೊಡದೆ ಬರೀ ಕ್ಲಚ್ಚಿನಲ್ಲಿ ಗಾಡಿಯನ್ನು ನಡಿಗೆಯ ವೇಗದಲ್ಲಿ ಸಾಗಿಸುವುದು. ನೀರಿನ ಬಾಟಲಿ ಸಾಲಾಗಿಟ್ಟು ನಡುವೆ ಹಾವಿನಂತೆ ಹೋಗುವುದು. ಎಂಟರ ಆಕಾರ. ಮತ್ತೆ ಮುಖ್ಯವಾಗಿ ನೋಟ: ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕತ್ತು ತಿರುಗಿಸಿ ನೋಡಬೇಕು. ಗುಂಡಿಯನ್ನೇ ನೋಡುತ್ತಾ ಹೋದರೆ ಗಾಡಿ ಗುಂಡಿಗೇ ಹೋಗುತ್ತದೆ. ವೇಗದಲ್ಲಿ ಓಡಿಸಲು ಯಾರಿಗಾದರೂ ಬರುತ್ತದೆ, ನಿಧಾನದಲ್ಲಿ ನಡೆಸುವವರ ಕೈ ನಿಜವಾಗಿ ಪಳಗಿದ್ದು.

ನಮ್ಮ ಕಡೆ ತಾಲ್ಲೂಕಿಗೊಂದು ಹೀಗೆ ದೊಡ್ಡವರಿಗಾಗಿ ನಡೆಯುವ ತರಬೇತಿ ಬಂದರೆ ಎಷ್ಟು ಜೀವ ಉಳಿಯುತ್ತದೋ. ಗುಂಪುಗಳೇ ಇದನ್ನು ಕೈಗೆತ್ತಿಕೊಳ್ಳಬೇಕು ಅಂತ ನನ್ನ ಬಲವಾದ ಅನಿಸಿಕೆ. ವರ್ಷಕ್ಕೆ ಎರಡು ಭಾನುವಾರ ಊರು ಬಿಟ್ಟು ಹೋಗದೆ ಮೈದಾನದಲ್ಲಿ ಕಳೆದರೆ ಸಾಕು.

ಕೊನೇ ಗಾಡಿ

ಬೇ ಏರಿಯಾ ಸರ್, ಇದನ್ನು ನಮ್ಮ ಗುಂಪಿನಲ್ಲಿ ಇವತ್ತೇ ಪ್ರಸ್ತಾಪ ಮಾಡುತ್ತೇನೆ. ಮಳೆಗಾಲದಲ್ಲಿ ಹೇಗೂ ದೂರದ ರೈಡ್ ಕಡಿಮೆ.

ಡಾಕ್ಟರಮ್ಮ ಉಡುಪಿ

ಸವಾರಿ ನಾನು ಮಾಡುವುದಿಲ್ಲ, ಮಾಡುವವರನ್ನು ನೋಡುವ ಕೆಲಸ ನನ್ನದು. ಐವತ್ತು ದಾಟಿದವರು ಮೊದಲು ಕಣ್ಣು ತೋರಿಸಿ. ದೂರದ್ದು ಸರಿ ಕಂಡರೂ ಎದುರು ಗಾಡಿಯ ಲೈಟ್ ಒಡೆದ ಹಾಗೆ, ಬಳೆಯ ಹಾಗೆ ಕಂಡರೆ ಪೊರೆ ಶುರುವಾಗಿರಬಹುದು. ಅದಿರುವಾಗ ರಾತ್ರಿ ಸವಾರಿ ಬೇಡವೇ ಬೇಡ.

ಶೀತ, ಅಲರ್ಜಿಗೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹಲವು ನಿದ್ದೆ ತರುತ್ತವೆ, ಹಿಂದಿನ ರಾತ್ರಿ ನುಂಗಿದ್ದು ಬೆಳಿಗ್ಗೆಗೂ ಇರುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಹೊರಟು ಒಂಬತ್ತಕ್ಕೆ ತಿಂಡಿ ತಿನ್ನುವ ಪದ್ಧತಿ ಇಟ್ಟುಕೊಳ್ಳಲೇಬಾರದು. ಜೇಬಲ್ಲಿ ಸಕ್ಕರೆ, ಗುಂಪಿನಲ್ಲಿ ಒಬ್ಬರಿಗಾದರೂ ನಿಮ್ಮ ಔಷಧದ ಮಾಹಿತಿ. ಬೆನ್ನು, ಕತ್ತು ಒಗ್ಗುವವರೆಗೆ ಗಂಟೆಗೊಮ್ಮೆ ಇಳಿದು ಓಡಾಡಿ.

ಎಲ್ಲರಿಗೂ ಇನ್ನೊಂದು ವಿಷಯ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರನ್ನು ರಕ್ಷಿಸುತ್ತದೆ, ನಮ್ಮ ರಾಜ್ಯದ್ದೇ ಪ್ರತ್ಯೇಕ ಕಾಯ್ದೆಯೂ ಇದೆ. ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿ. ಉಸಿರಾಡುತ್ತಿರುವ ಗಾಯಾಳುವಿನ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕತ್ತು ಅಲುಗಾಡಿಸಬೇಡಿ, ನೀರು ಕುಡಿಸಬೇಡಿ. ಪ್ರತಿ ಗುಂಪಿನಲ್ಲೂ ಪ್ರಥಮ ಚಿಕಿತ್ಸೆ ಕಲಿತವರು ಇಬ್ಬರಾದರೂ ಇರಲಿ. ಒಬ್ಬರೇ ಇದ್ದರೆ, ಬೀಳುವವರು ಅವರೇ ಆಗಿರಬಹುದು.

ರೋಡ್‌ಕಿಂಗ್ ಮೈಸೂರು

ಹೆಲ್ಮೆಟ್ ಮಾತು ಬಂದಿದ್ದಕ್ಕೆ: ಐಎಸ್ಐ ಗುರುತು ಕಾನೂನಿಗೆ ಬೇಕೇ ಬೇಕು. ಅದರ ಜೊತೆ ತಲೆಗೆ ಸರಿಯಾದ ಅಳತೆ. ಹಾಕಿಕೊಂಡು ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಆಡಬೇಕು. ಸ್ಕೂಟರಿಗೆ ಇಟ್ಟುಕೊಂಡಿರುವ ಅರ್ಧ ಹೆಲ್ಮೆಟ್ ಹಾಕಿಕೊಂಡು ಬರಬೇಡಿ. ಜಾಕೆಟ್ ನಮ್ಮ ಸೆಕೆಗೆ ಜಾಲರಿಯದು, ಭುಜ-ಮೊಣಕೈ-ಬೆನ್ನಿಗೆ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ಇರುವಂಥದ್ದು. ಕೈಗವಸು, ಹರಡು ಮುಚ್ಚುವ ಬೂಟು. ಇದಕ್ಕೆಲ್ಲ ಗಾಡಿಯ ಬಜೆಟ್‌ನಲ್ಲೇ ದುಡ್ಡು ಎತ್ತಿಡಿ, ಆಮೇಲೆ ನೋಡೋಣ ಅಂದರೆ ಆಗುವುದಿಲ್ಲ.

ಮತ್ತೆ ನಮ್ಮ ಕಡೆಗೆ ಬರುವಾಗ ಬೆಂಗಳೂರಿನವರಿಗೆ ಒಂದು ನೆನಪು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು. ಬಂಡೀಪುರ ದಾಟುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್ ಇರುವುದನ್ನು ಲೆಕ್ಕ ಹಾಕಿ ಹೊರಡಿ.

ಹಾಸನದ ಹಳೇ ಸವಾರ

ಎಲ್ಲರಿಗೂ ಮನಸಾರೆ ಧನ್ಯವಾದ. ಬರೆಯಲು ಇಷ್ಟು ದಿನ ಆಗಲು ಕಾರಣ, ನೀವು ಹೇಳಿದ್ದನ್ನು ಮಾಡಿ ಮುಗಿಸಿಯೇ ಬರೆಯೋಣ ಅಂತ.

ಡಿಎಲ್ ಕಾರ್ಡ್ ಬಂತು, ವರ್ಗ ಸರಿ ಇದೆ. ಕಣ್ಣಿನ ಪರೀಕ್ಷೆ ಆಯಿತು, ಕನ್ನಡಕದ ನಂಬರ್ ಬದಲಾಯಿತು, ಪೊರೆ ಇಲ್ಲ. ಗಾಡಿ ಬಂದು ಮೊದಲ ಸರ್ವೀಸ್ ಮುಗಿದಿದೆ. ಬಡಾವಣೆಯ ಖಾಲಿ ರಸ್ತೆಯಲ್ಲಿ ಬೆಳಿಗ್ಗೆ ಬ್ರೇಕ್ ಅಭ್ಯಾಸ ಮಾಡುವಾಗ ಹುಬ್ಬಳ್ಳಿಯವರ ಮಾತು ಕಣ್ಣಾರೆ ಕಂಡೆ. ಮಗಳನ್ನು ರಸ್ತೆ ಬದಿ ನಿಲ್ಲಿಸಿ ಇದ್ದಕ್ಕಿದ್ದಂತೆ "ನಿಲ್ಲು" ಅಂತ ಕೂಗಲು ಹೇಳಿದ್ದೆ. ಹೇಳಿಕೊಟ್ಟ ಗೆರೆಯ ಹತ್ತಿರ ಕಾಲು ಸರಿಯಾಗಿ ಹೋಗುತ್ತಿತ್ತು, ಕೂಗಿದಾಗ ಮೊದಮೊದಲು ಎಡಗಾಲೇ ಇಳಿಯುತ್ತಿತ್ತು. ಈಗ ಇಳಿಯುವುದಿಲ್ಲ. ಈ ಕೂಗುವ ವಿಧಾನ ನನ್ನಂಥವರಿಗೆ ಬಹಳ ಉಪಯೋಗ, ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ.

ಕೊನೇ ಗಾಡಿಯವರು ಹೇಳಿದ ಪ್ರಶ್ನೆಯನ್ನು ಇಲ್ಲಿನ ಎರಡು ಗುಂಪಿಗೆ ಕೇಳಿದೆ. ಒಂದರಲ್ಲಿ "ಅಂಕಲ್, ಲೊಕೇಶನ್ ಕಳಿಸ್ತೀವಿ, ನಿಧಾನವಾಗಿ ಬನ್ನಿ" ಅಂದರು. ಇನ್ನೊಂದರಲ್ಲಿ ಕ್ಯಾಪ್ಟನ್ ಆಗಿರುವ ಇಪ್ಪತ್ತೆಂಟರ ಹುಡುಗ "ನೀವು ಹಿಂದೆ ಬೀಳಲ್ಲ ಸರ್, ನಿಮ್ಮ ಸ್ಪೀಡೇ ಅವತ್ತಿನ ಸ್ಪೀಡು" ಅಂದ. ಅವರ ಜೊತೆ ಹಾಸನ, ಬೇಲೂರು, ಹಳೇಬೀಡು, ವಾಪಸ್ ಹಾಸನ ಸುತ್ತಿ ಬಂದೆ. ಒಟ್ಟು ತೊಂಬತ್ತು ಕಿಲೋಮೀಟರ್ ಆಸುಪಾಸು. ಲೀಡ್ ಹಿಂದೆಯೇ ನನಗೆ ಜಾಗ ಕೊಟ್ಟರು. ಊರೊಳಗೆ ಹೋಗುವಾಗ ಎಲ್ಲರೂ ಆಕ್ಸಲರೇಟರ್ ಇಳಿಸಿ ಸದ್ದು ಮಾಡದೆ ದಾಟಿದ್ದು ನನಗೆ ತುಂಬಾ ಹಿಡಿಸಿತು. ಹಳೇಬೀಡಿನ ಹತ್ತಿರ ಟೀ ಕುಡಿಯುವಾಗ ಬಲಗಾಲು ಗೇರಿನ ಬುಲೆಟ್ ಹೇಗಿತ್ತು ಅಂತ ಹುಡುಗರೆಲ್ಲ ಸುತ್ತ ಕೂತು ಕೇಳಿದರು. ಅವರಲ್ಲಿ ಯಾರೂ ಅದನ್ನು ಓಡಿಸಿಲ್ಲ.

ಈಗ ಅವರು ಮುಂದಿನ ರೈಡಿಗೆ ಸಕಲೇಶಪುರದ ಮೇಲೆ ಬಿಸಿಲೆ ಘಾಟಿ ಅನ್ನುತ್ತಿದ್ದಾರೆ. ಮಳೆ ಶುರುವಾಗಿದೆ. ಹೋಗಲೇ, ಬೇಡವೇ?

ಕೊನೇ ಗಾಡಿ

ಬಿಸಿಲೆ ಈಗ ಬೇಡ ಸರ್. ಕಾಡಿನ ನಡುವೆ ಕಿರಿದಾದ ರಸ್ತೆ, ಮಳೆಗೆ ಮರ ಬೀಳುತ್ತದೆ, ನೆರಳಲ್ಲಿ ಪಾಚಿ ಕಟ್ಟಿದ ಜಾಗ ಕಣ್ಣಿಗೆ ಕಾಣುವುದೇ ಇಲ್ಲ, ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇಲ್ಲ. ಚಾರ್ಮಾಡಿಯೂ ಈಗ ಬೇಡ. ಮಂಜು ಒಂದು ಕಡೆ, ಜಲಪಾತ ನೋಡಲು ತಿರುವಿನಲ್ಲೇ ಕಾರು ನಿಲ್ಲಿಸುವವರು ಇನ್ನೊಂದು ಕಡೆ. ನಿಮ್ಮ ಕ್ಯಾಪ್ಟನ್ ಒಳ್ಳೆ ಹುಡುಗನ ಹಾಗೆ ಕಾಣುತ್ತಾನೆ, ಹೇಳಿದರೆ ಕೇಳುತ್ತಾನೆ. ಸಕಲೇಶಪುರದವರೆಗೆ ಹೋಗಿ, ಮಂಜರಾಬಾದ್ ಕೋಟೆ ಹತ್ತಿ, ಕತ್ತಲಾಗುವ ಮುಂಚೆ ಹಿಂತಿರುಗಿ. ಒದ್ದೆ ರಸ್ತೆಗೆ ಕೈ ಒಗ್ಗಲು ಅಷ್ಟು ಸಾಕು. ಬಿಸಿಲೆಗೆ ನವೆಂಬರ್‌ನಲ್ಲಿ ನಾವೂ ಬರುತ್ತೇವೆ, ಎರಡೂ ಗುಂಪು ಸೇರಿ ಹೋಗೋಣ.

ಗ್ಯಾರೇಜ್ ಶಿವಮೊಗ್ಗ

ಮಳೇಲಿ ಹೋಗಿ ಬಂದ ದಿವಸವೇ ಚೈನಿಗೆ ಲ್ಯೂಬ್ ಹಾಕಿ ಸರ್, ಮಾರನೇ ದಿನಕ್ಕೆ ಬಿಡಬೇಡಿ. ಲ್ಯೂಬ್ ಇಲ್ಲದ ಚೈನು ಒಂದೇ ರಾತ್ರೀಲಿ ತುಕ್ಕು ಹಿಡಿದು ಕೆಂಪಾಗುತ್ತೆ. ಮತ್ತೆ ತೆಳು ರೇನ್‌ಕೋಟ್ ತಗೋಬೇಡಿ, ಗಾಳಿಗೆ ಹರಿದು ಚೈನಿಗೆ ಸಿಗುತ್ತೆ. ಪ್ಯಾಂಟು-ಜಾಕೆಟ್ ಬೇರೆ ಬೇರೆ ಇರೋದು ತಗೊಳ್ಳಿ, ಹಳದಿ ಬಣ್ಣದ್ದು.

ಹುಬ್ಬಳ್ಳಿ ರೈಡರ್

ನವೆಂಬರ್‌ನ್ಯಾಗ ಬಿಸಿಲೆ ಅಂದ್ರ ನಾವೂ ಬರ್ತೀವ್ರಿ. ಹುಬ್ಬಳ್ಳಿಯಿಂದ ನಾಕ್ ಗಾಡಿ. ತಾರೀಖು ಹೇಳ್ರಿ, ರಜಾ ಹಾಕಬೇಕು.